ಅಗ್ರಹಾರದ ದಾರಿ ಮೇಟಗಳ್ಳಿಯಲ್ಲಿ ಮುಗಿದದ್ದು

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, "ಇಷ್ಟು ವರ್ಷ ರೂಟರ್‌ಗಳ ಜೊತೆ ಏಗಿದ್ದೀರಲ್ಲ ಮೇಡಂ, ನಿಮಗೆ ಇದೆಲ್ಲಾ ನೀರು ಕುಡಿದ ಹಾಗೆ" ಎಂದರೆ ಮೈಯೆಲ್ಲಾ ಉರಿಯುತ್ತದೆ. ನೀರೂ ಇಲ್ಲ, ಮಜ್ಜಿಗೆಯೂ ಇಲ್ಲ. ಕೆಲಸಕ್ಕೆ ಸೇರಿದ ದಿನ ತಲೆಯಲ್ಲಿ ಎಷ್ಟು ಗೊಂದಲವಿತ್ತೋ ನಿವೃತ್ತಿಯ ದಿನವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮೊದಮೊದಲು ಗೊಂದಲವಾದರೆ ಕೈಕಾಲು ನಡುಗುತ್ತಿದ್ದವು. ಕೊನೆಕೊನೆಗೆ ಗೊಂದಲವಾದರೆ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದು ಬಂದು ಮತ್ತೆ ನೋಡುತ್ತಿದ್ದೆ. ಅನುಭವ ಅಂತ ನನಗೆ ಬಂದದ್ದು ಇಷ್ಟೇ. ಎಲ್ಲಾ ಗೊತ್ತು ಅನ್ನುವವರು ನಿಮ್ಮ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತರೆ ನಿಮ್ಮ ಕುರ್ಚಿಯನ್ನು ಸ್ವಲ್ಪ ಆಚೆ ಎಳೆದುಕೊಳ್ಳಿ.

ನಾನು ಯಾದವಗಿರಿಯ ಒಂದು ಆಸ್ಪತ್ರೆಗೆ ಟೆಲಿಫೋನ್ ಆಪರೇಟರ್ ಆಗಿ ಸೇರಿದವಳು. ಆಸ್ಪತ್ರೆಯ ಹೆಸರು ಬೇಡ. ಅಪ್ಪ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ರಾಗಿ ಬೆಳೆಯುವುದನ್ನು ಬಿಟ್ಟು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಮಗಳು ತಂಪಾದ ಕೋಣೆಯಲ್ಲಿ ಕುಳಿತು "ಹಲೋ, ಯಾರು ಬೇಕಿತ್ತು" ಅನ್ನುವ ಕೆಲಸ ಹಿಡಿದಳೆಂದು ಅವರಿಗೆ ಹೆಮ್ಮೆಯೋ ಹೆಮ್ಮೆ. ಆಮೇಲೆ ಟೆಲಿಫೋನ್ ಬೋರ್ಡ್ ಹೋಯಿತು, ಕಂಪ್ಯೂಟರ್ ಬಂತು. ನನ್ನನ್ನು ಮನೆಗೆ ಕಳಿಸುವ ಬದಲು ತರಬೇತಿಗೆ ಕಳಿಸಿದರು. ವಾಪಸ್ ಬರುವಾಗ ನಾನು ನೆಟ್‌ವರ್ಕ್ ವಿಭಾಗದವಳು. ಅದು ಹೇಗೆ ಎಂದು ಇವತ್ತು ಯಾರಾದರೂ ಕೇಳಿದರೂ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.

ಆ ವಿಭಾಗದ ಮುಖ್ಯಸ್ಥರು ದೇವರಾಜು ಸರ್. ಎತ್ತರದ ಆಳು, ತುಂಬು ತೋಳಿನ ಶರ್ಟು, ಪ್ರಶ್ನೆ ಕೇಳಿದರೆ ಮುಖ ಗಂಟು. ಆದರೆ ಪಾಠ ಹೇಳಬೇಕೆಂದು ಮನಸ್ಸು ಬಂದರೆ ಸರ್ವರ್ ರೂಮಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ಸೀಮೆಸುಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ನಮ್ಮಲ್ಲಿ ಆಗ ಲಿಂಕ್-ಸ್ಟೇಟ್ ಎನ್ನುವ ಪದ್ಧತಿಯ ರೂಟಿಂಗ್, ಅಂದರೆ ರೂಟರ್ ಪೆಟ್ಟಿಗೆಗಳು ಸಂದೇಶಕ್ಕೆ ದಾರಿ ಹುಡುಕುವ ಕ್ರಮ, ಬಂದಿತ್ತು. ಯಾದವಗಿರಿಯ ದೊಡ್ಡಾಸ್ಪತ್ರೆ, ಮೇಟಗಳ್ಳಿಯ ಪ್ರಯೋಗಾಲಯ, ಅಗ್ರಹಾರದ ಹಳೆಯ ಪುಟ್ಟ ಕ್ಲಿನಿಕ್, ಮೂರನ್ನೂ ಸೇರಿಸಿ ಏರಿಯಾಗಳಾಗಿ ಹಂಚಿದ್ದರು.

"ನೋಡ್ರೀ ರತ್ನಮ್ಮ," ಎಂದು ದೇವರಾಜು ಸರ್ ಒಂದು ಸೊಟ್ಟ ವೃತ್ತ ಎಳೆದರು. "ಒಂದು ಏರಿಯಾ ಒಳಗಿರೋ ರೂಟರ್‌ಗಳೆಲ್ಲಾ ಒಂದೇ ಬೀದಿಯೋರು ಅಂದ್ಕೊಳಿ. ಒಬ್ಬನ ತಂತಿ ಕಿತ್ತೋದ್ರೆ ಆ ಕ್ಷಣವೇ ಬೀದಿಗೆಲ್ಲಾ ಕೂಗಿ ಹೇಳ್ತಾನೆ. ಹಂಗಾಗಿ ಎಲ್ಲರ ಹತ್ರಾನೂ ಒಂದೇ ನಕ್ಷೆ. ಆ ನಕ್ಷೆ ನೋಡ್ಕೊಂಡು ಯಾವ ದಾರಿ ಹತ್ತಿರ ಅಂತ ಪ್ರತಿಯೊಬ್ಬನೂ ತಾನೇ ಲೆಕ್ಕ ಹಾಕ್ಕೋತಾನೆ."

"ಪಕ್ಕದ ಬೀದಿಗೆ ಹೋಗ್ಬೇಕಾದ್ರೆ ಸರ್?"

"ಆ ಬೀದಿಗೆ ನಮ್ಮ ನಕ್ಷೆ ಕೊಡಲ್ಲ. ಮೂಲೆಮನೆಯೋನು ಒಬ್ಬ ಇರ್ತಾನಲ್ಲ, ಎರಡು ಬೀದಿಗೂ ಬಾಗಿಲಿರೋನು, ಅವನೇ ಬಾರ್ಡರ್ ರೂಟರ್. ಅವನು, 'ಇಂಥಿಂಥೋರು ನಮ್ಮ ಬೀದೀಲವ್ರೆ, ನನ್ನ ಕಡೆಯಿಂದ ಬಂದ್ರೆ ಇಷ್ಟು ದೂರ' ಅಂತ ಹೇಳ್ತಾನೆ, ಅಷ್ಟೇ. ಆ ಕಡೆಯೋರು ಅವನ ಮಾತು ನಂಬ್ಕೊಂಡು ಬರ್ಬೇಕು."

"ಅಂದ್ರೆ ಒಳಗೆ ಕಣ್ಣಾರೆ ಕಂಡಿದ್ದು, ಹೊರಗೆ ಬಾಯಿಮಾತು."

"ಹ್ಞೂಂ, ಹಂಗೇ."

"ಬಾಯಿಮಾತು ತಪ್ಪಾದ್ರೆ?"

ಮುಖ ಗಂಟಾಯಿತು. "ಯಾಕ್ ತಪ್ಪಾಗತ್ತೆ? ಮಿಷನ್ ಕಣ್ರೀ ಅದು. ನಿಮ್ಮ ಓರಗಿತ್ತಿ ಅಲ್ಲ."

ಎಲ್ಲಾ ಏರಿಯಾಗಳ ನಡುವೆ ಏರಿಯಾ ಝೀರೋ ಅಂತ ಒಂದು ಇರುತ್ತದೆ, ಅದು ಬೆನ್ನೆಲುಬು. ಯಾವ ಏರಿಯಾದ ಸುದ್ದಿಯಾದರೂ ಅದರ ಮೂಲಕವೇ ಇನ್ನೊಂದಕ್ಕೆ ಹೋಗಬೇಕು. ನಮ್ಮ ಝೀರೋ ಯಾದವಗಿರಿಯಲ್ಲಿತ್ತು. ಈ ನಿಯಮ ನನಗೆ ಕೇಳಿದಾಗ ಸುಲಭವಾಗಿ ಕಂಡಿತ್ತು. ಬೋಗಾದಿಯಲ್ಲಿ ರಕ್ತ ಸಂಗ್ರಹದ ಒಂದು ಕೋಣೆ ತೆರೆದಾಗ ಅದಕ್ಕೊಂದು ಹೊಸ ಏರಿಯಾ ಮಾಡಿ, ಅಗ್ರಹಾರದ ಹಿಂಬದಿ ಕಟ್ಟಡದ ಒಳ ರೂಟರ್‌ಗೆ ತಂತಿ ಜೋಡಿಸಿದೆವು. ದೀಪ ಹಸಿರು, ತಂತಿ ಸರಿ, ಅಗ್ರಹಾರದವರಿಗೆ ಬೋಗಾದಿ ಕಾಣುತ್ತದೆ. ಯಾದವಗಿರಿಗೆ ಮಾತ್ರ ಬೋಗಾದಿ ಎಂಬುದೊಂದು ಇದೆ ಅಂತಲೇ ಗೊತ್ತಿಲ್ಲ. ಇಡೀ ದಿನ ತಂತಿ ಬಿಚ್ಚಿದ್ದು, ಸಿಕ್ಕಿಸಿದ್ದು, ಊದಿದ್ದು. ಸಂಜೆ ದೇವರಾಜು ಸರ್ ಬಂದು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಝೀರೋ ಮುಟ್ಟದೇ ಇರೋ ಏರಿಯಾದ ಸುದ್ದಿ ಯಾರೂ ಕಿವಿಗೆ ಹಾಕ್ಕೊಳಲ್ಲ ಕಣ್ರೀ. ಕಿವಿಗೆ ಬಿದ್ದರೂ ಬಿದ್ದಿಲ್ಲ ಅನ್ನೋ ಹಾಗಿರ್ತಾರೆ." ಯಾಕೆ ಹಾಗೆ ಎಂದು ಕೇಳಿದೆ. ಸುದ್ದಿ ಸುತ್ತಿ ಸುತ್ತಿ ಹೊರಟಲ್ಲಿಗೇ ಬರಬಾರದು ಅಂತ, ಎಂದರು. ನನಗೆ ಅರ್ಧ ಅರ್ಥವಾಯಿತು. ಉಳಿದರ್ಧ ಇನ್ನೂ ಬಾಕಿ ಇದೆ.

ಕೆಲಸದ ವಿಧಾನವೂ ನೋಡನೋಡುತ್ತಾ ಬದಲಾಯಿತು. ಮೊದಲು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೊಂದೇ ರೂಟರ್‌ನ ಒಳಗೆ ಹೋಗಿ ನೋಡಬೇಕಿತ್ತು. ಆಮೇಲೆ ಗೋಡೆಗೆ ದೊಡ್ಡ ಟಿ.ವಿ. ಬಂತು. ಯಾವ ತಂತಿಯಲ್ಲಿ ಎಷ್ಟು ಸಂಚಾರವಿದೆ ಎಂದು ಬಣ್ಣಬಣ್ಣದ ಗೆರೆಗಳು ಅದರಲ್ಲಿ ಏರುವುದು, ಇಳಿಯುವುದು. ಬಂದವರಿಗೆಲ್ಲಾ ಅದನ್ನೇ ತೋರಿಸುವುದು. ದೇವರಾಜು ಸರ್‌ಗೆ ಆ ಗೆರೆಗಳ ಮೇಲೆ ಮಗುವಿನ ಮೇಲಿನ ಪ್ರೀತಿ.

ಅವುಗಳಲ್ಲಿ ಒಂದು ಗೆರೆ ಯಾವಾಗಲೂ ನೆಲಕ್ಕೆ ಅಂಟಿಕೊಂಡೇ ಇರುತ್ತಿತ್ತು. ಮೇಟಗಳ್ಳಿಗೂ ಅಗ್ರಹಾರಕ್ಕೂ ನಡುವಿನ ತಂತಿ ಅದು. ಇವೆರಡೂ ಸೇರಿ ಒಂದು ಏರಿಯಾ. ಆದರೆ ಎರಡಕ್ಕೂ ಯಾದವಗಿರಿಗೆ ನೇರ ಲೈನ್ ಇತ್ತು, ಎರಡರಲ್ಲೂ ಒಂದೊಂದು ಬಾರ್ಡರ್ ರೂಟರ್ ಇತ್ತು. ತಮ್ಮ ತಮ್ಮೊಳಗೆ ಅವಕ್ಕೆ ಮಾತುಕತೆಯೇ ಇರಲಿಲ್ಲ. "ಸುಮ್ನೆ ಬಿದ್ದಿದೆ ಇದು," ಎಂದು ದೇವರಾಜು ಸರ್ ಅದನ್ನು ತೆಗೆಸಿ, ಅದರ ಎರಡು ತುದಿಯ ಪೆಟ್ಟಿಗೆಗಳನ್ನು ಹೊಸ ಡಯಾಲಿಸಿಸ್ ವಾರ್ಡಿಗೆ ಹಾಕಿಸಿದರು. ಏನೂ ಆಗಲಿಲ್ಲ. ಎಲ್ಲಾ ಮೊದಲಿನಂತೆಯೇ ನಡೆಯಿತು. ನೋಡಿದ್ರಾ ಎನ್ನುವಂತೆ ಅವರು ನನ್ನ ಕಡೆ ತಿರುಗಿದರು.

ಕೆಲವು ತಿಂಗಳಾದ ಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಅಗ್ರಹಾರದಲ್ಲಿ ಕರೆಂಟ್ ಹೋಗಿ ಬಂದಾಗಲೆಲ್ಲಾ ಅಲ್ಲಿನ ಒಂದೊಂದು ಸಣ್ಣ ನೆಟ್‌ವರ್ಕಿನ ಸುದ್ದಿಯೂ ಯಾದವಗಿರಿಯವರೆಗೆ ಬಂದು ರೂಟರ್‌ಗಳೆಲ್ಲಾ ಮತ್ತೆ ಲೆಕ್ಕ ಹಾಕುವುದು ಅವರಿಗೆ ಕಿರಿಕಿರಿ. ಅದಕ್ಕೆ ಸಮ್ಮರಿ ಎಂಬ ಉಪಾಯವಿದೆ. ಆ ಏರಿಯಾದ ಕಂಪ್ಯೂಟರುಗಳ ನಂಬರುಗಳನ್ನೆಲ್ಲಾ ಒಂದು ಗುಂಪು ಮಾಡಿ, ಬಾರ್ಡರ್ ರೂಟರ್ ಒಂದೇ ಮಾತು ಹೇಳುತ್ತದೆ: ಈ ಗುಂಪು ಪೂರ್ತಿ ನನ್ನಲ್ಲಿದೆ. ಪುಸ್ತಕದಲ್ಲಿ ಹಾಗೇ ಮಾಡಿ ಎಂದು ಬರೆದಿದೆ. ಎರಡೂ ಬಾರ್ಡರ್ ರೂಟರ್‌ಗಳಿಗೆ ದೇವರಾಜು ಸರ್ ಆ ಒಂದು ಸಾಲು ಬರೆದರು. ಮಾರುದ್ದದ ಪಟ್ಟಿ ಗೇಣುದ್ದ ಆಯಿತು. ನನ್ನ ಕಂಪ್ಯೂಟರಿನಲ್ಲಿ ಒತ್ತಿ ನೋಡಿದೆವು, ಅಗ್ರಹಾರ ತೆರೆಯಿತು. ಅವರ ಕಂಪ್ಯೂಟರಿನಲ್ಲೂ ತೆರೆಯಿತು. ಶಹಬ್ಬಾಸ್ ಎಂದುಕೊಂಡು ಊಟಕ್ಕೆ ಹೋದೆವು.

ಆಮೇಲೆ ಶುರುವಾಯಿತು ನೋಡಿ ರಾಮಾಯಣ.

ಅಗ್ರಹಾರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು ಪುಟ್ಟಲಕ್ಷ್ಮಿ. ಕೊಳ್ಳೇಗಾಲದ ಕಡೆಯವಳು, ಗಂಡ ಗಾರೆ ಕೆಲಸಕ್ಕೆ ಹೋಗುತ್ತಿದ್ದ. ಅವಳದು ಕಾಯಂ ಕೆಲಸವಲ್ಲ, ವರ್ಷವರ್ಷವೂ ಕರಾರು ಹೊಸದಾಗಬೇಕು. ಅವಳು ತೆಗೆದ ಚಿತ್ರ ಅಗ್ರಹಾರದ ಕಂಪ್ಯೂಟರಿನಲ್ಲೇ ಇರುತ್ತಿತ್ತು. ಯಾದವಗಿರಿಯಲ್ಲಿ ಮೂಳೆ ಡಾಕ್ಟರು ಶ್ರೀಕಂಠ ತಮ್ಮ ಕೋಣೆಯಿಂದಲೇ ಅದನ್ನು ತೆರೆದು ನೋಡುತ್ತಿದ್ದರು. ಒಂದು ದಿನ ಇದ್ದಕ್ಕಿದ್ದಂತೆ ಡಾಕ್ಟರಿಗೆ ಚಿತ್ರ ತೆರೆಯುವುದೇ ನಿಂತುಹೋಯಿತು.

ಅವರು ಪುಟ್ಟಲಕ್ಷ್ಮಿಗೆ ಫೋನು ಮಾಡಿ ಗದರಿದರು. ಅವಳು ಕಣ್ಣೀರು ಹಾಕಿಕೊಂಡು ನನಗೆ ಫೋನು ಮಾಡಿದಳು. ನಾನು ನನ್ನ ಸೀಟಿನಲ್ಲಿ ಒತ್ತಿದೆ, ತೆರೆಯಿತು. ದೇವರಾಜು ಸರ್ ಒತ್ತಿದರು, ತೆರೆಯಿತು. ಡಾಕ್ಟರ ಪಕ್ಕದ ಕೋಣೆಯ ಫಿಸಿಯೋಥೆರಪಿಯವರು ಒತ್ತಿದರೂ ತೆರೆಯಿತು. ಡಾಕ್ಟರ ಕೋಣೆಯಲ್ಲಿ ಮಾತ್ರ ಇಲ್ಲ. "ನಮ್ಮ ಕಡೆಯಿಂದ ಎಲ್ಲಾ ಸರಿ ಇದೆ," ಎಂದು ದೇವರಾಜು ಸರ್ ಆಡಳಿತ ಕಚೇರಿಗೆ ತಿಳಿಸಿಬಿಟ್ಟರು. ನಮ್ಮ ವೃತ್ತಿಯಲ್ಲಿ ಅತಿ ಹೆಚ್ಚು ಬಳಕೆಯಾಗುವ ವಾಕ್ಯ ಇದು. ಇದರಿಂದ ಎಷ್ಟು ಜನ ಹಾಳಾಗಿದ್ದಾರೋ ಆ ಚಾಮುಂಡಿಗೇ ಗೊತ್ತು.

ನೆಟ್‌ವರ್ಕ್ ಸರಿ ಇದೆ ಎಂದ ಮೇಲೆ ಯಾರ ತಪ್ಪು? ಪುಟ್ಟಲಕ್ಷ್ಮಿಯದು. ತಡ ಮಾಡಿ ಹಾಕುತ್ತಾಳೆ, ತಪ್ಪಾಗಿ ಹಾಕುತ್ತಾಳೆ, ಬಟನ್ ಒತ್ತಲು ಬರುವುದಿಲ್ಲ. ಅವಳು ಹೆದರಿಕೊಂಡು ಒಂದೊಂದು ಚಿತ್ರವನ್ನೂ ಮತ್ತೆ ಮತ್ತೆ ಉಳಿಸಲು ತೊಡಗಿದಳು. "ನನ್ ಕೈಯಾಗೆ ಏನೋ ಆಗ್ಬುಟ್ಟದೆ ಮೇಡಂ," ಎಂದಳು ಒಂದು ದಿನ. "ಮುಂಚೆ ಇಂಗೆ ಆಯ್ತಿರ್ಲಿಲ್ಲ. ಎಂಗೆ ಒತ್ತುದ್ರೂ ಆ ಡಾಕ್ಟ್ರಿಗೆ ಓಯ್ತಾನೇ ಇಲ್ಲ." ನೋಡೋಣ ಬಿಡು ಎಂದೆ.

ನೋಡಲು ಅಗ್ರಹಾರಕ್ಕೆ ಹೋದೆ. ಹೋಗಬಾರದಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಅವತ್ತು ಸಾಕಮ್ಮಜ್ಜಿ ಎನ್ನುವವರು ಬಂದಿದ್ದರು. ಅಲ್ಲೇ ಗಲ್ಲಿಯಲ್ಲಿ ಹೂ ಕಟ್ಟಿ ಮಾರುವವರು, ಮೆಟ್ಟಿಲಲ್ಲಿ ಜಾರಿ ಮೊಣಕಾಲು ಪೆಟ್ಟಾಗಿತ್ತು. ಪುಟ್ಟಲಕ್ಷ್ಮಿ ಅವರನ್ನು ಮಗುವಿನಂತೆ ಎತ್ತಿ ಮಲಗಿಸಿ ಎಕ್ಸ್‌ರೇ ತೆಗೆದಳು. ಪರದೆಯ ಮೇಲೆ ಮೂಳೆ ಸ್ಪಷ್ಟವಾಗಿ ಬಂತು, ಬಿರುಕು ನನಗೂ ಕಾಣುವಷ್ಟು. ಅಷ್ಟರಲ್ಲಿ ಡಾಕ್ಟರ ಫೋನು.

"ಇಲ್ಲಿ ತೆರೀತಾನೇ ಇಲ್ಲ. ಫೈಲೇ ಕೆಟ್ಟಿರ್ಬೇಕು. ಇನ್ನೊಂದ್ಸಲ ತೆಗಿಯಮ್ಮ."

"ಸರ್, ಇಲ್ಲಿ ಚೆನ್ನಾಗೇ ಕಾಣ್ತದೆ..."

"ನಿಂಗೆ ಕಂಡ್ರೆ ಏನ್ ಬಂತು? ನಂಗೆ ಕಾಣ್ಬೇಕಲ್ಲ!"

ಅವಳು ನನ್ನ ಮುಖ ನೋಡಿದಳು. ಫೈಲು ನಿಜವಾಗಿಯೂ ಕೆಟ್ಟಿದೆಯೋ ಏನೋ, ಯಾರಿಗೆ ಗೊತ್ತು? ಕೆಳಗಿಳಿಸಿ ಕೂರಿಸಿದ್ದ ಅಜ್ಜಿಯನ್ನು ಮತ್ತೆ ಎತ್ತಿ ಮಲಗಿಸಿ, ಊದಿದ ಮೊಣಕಾಲನ್ನು ಮತ್ತೆ ನೀಟಿ ನೆಟ್ಟಗೆ ಮಾಡಬೇಕಾಯಿತು. "ಅಯ್ಯಯ್ಯೋ, ಸತ್ತೋದ್ನಲ್ಲವ್ವ!" ಎಂದು ಅಜ್ಜಿ ಕಿರುಚಿದ್ದು ಹೊರಗೆ ಬೀದಿಗೂ ಕೇಳಿಸಿತು. ಎರಡನೆಯ ಚಿತ್ರವೂ ಡಾಕ್ಟರಿಗೆ ತೆರೆಯಲಿಲ್ಲ. ಕೊನೆಗೆ ಅವರು ಪಕ್ಕದ ಕೋಣೆಗೆ ಹೋಗಿ ನೋಡಿದರು. ಅಲ್ಲಿ ಎರಡೂ ತೆರೆದವು.

ಡಾಕ್ಟರು ಹೀಗೇ ಪಕ್ಕದ ಕೋಣೆಗೆ ಓಡಾಡಿ ಎರಡು ತಿಂಗಳಾದ ಮೇಲೆ ಆಡಳಿತಾಧಿಕಾರಿ ಕಮಲಾ ಮೇಡಂ ಮಾತು ಹೊರಬಿತ್ತು. ಅಗ್ರಹಾರದಲ್ಲಿ ಎಕ್ಸ್‌ರೇ ನಿಲ್ಲಿಸುವುದು, ಯಂತ್ರವನ್ನು ಮೇಟಗಳ್ಳಿಗೆ ಸಾಗಿಸುವುದು, ಪುಟ್ಟಲಕ್ಷ್ಮಿಯ ಕರಾರನ್ನು ಮುಂದುವರಿಸದಿರುವುದು. ಸೋಮವಾರ ಸಭೆ. ಅವಳೂ ಬಂದು ಏನಾದರೂ ಹೇಳುವುದಿದ್ದರೆ ಹೇಳಬಹುದು.

ನನಗೆ ಸಂಕಟವಾಯಿತು. ಲ್ಯಾಪ್‌ಟಾಪ್ ಹಿಡಿದು ಡಾಕ್ಟರ ಕೋಣೆಗೆ ಹೋದೆ. ಅವರ ಕಂಪ್ಯೂಟರಿನ ತಂತಿ ಕಿತ್ತು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅಗ್ರಹಾರ ತೆರೆಯಿತು! ಕಂಪ್ಯೂಟರ್ ಕೆಟ್ಟಿದೆ, ಸದ್ಯ ಗೊತ್ತಾಯಿತು ಎಂದು ಉಸಿರುಬಿಟ್ಟೆ. ಖಾತ್ರಿಯಾಗಲಿ ಎಂದು ಡಾಕ್ಟರ ಕಂಪ್ಯೂಟರಿನ ನಂಬರನ್ನು, ಅಂದರೆ ನೆಟ್‌ವರ್ಕಿನಲ್ಲಿ ಅದರ ವಿಳಾಸವನ್ನು, ನನ್ನ ಲ್ಯಾಪ್‌ಟಾಪಿಗೆ ಕೊಟ್ಟೆ. ತೆರೆಯಲಿಲ್ಲ. ನನ್ನ ನಂಬರು ವಾಪಸ್ ಹಾಕಿದೆ. ತೆರೆಯಿತು. ಅದೇ ತಂತಿ, ಅದೇ ಕುರ್ಚಿ, ಅದೇ ಲ್ಯಾಪ್‌ಟಾಪ್. ನಂಬರು ಬದಲಾದರೆ ಅಗ್ರಹಾರ ಇದೆ, ಇಲ್ಲದಿದ್ದರೆ ಇಲ್ಲ.

"ಏನ್ರೀ ಇದು, ನನ್ನ ಗ್ರಹಚಾರನಾ?" ಎಂದರು ಡಾಕ್ಟರು.

"ಹಂಗೇ ಕಾಣ್ತದೆ ಸರ್," ಎಂದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ದೇವರಾಜು ಸರ್‌ಗೆ ಹೇಳಿದರೆ, "ಅಷ್ಟೇ ತಾನೇ? ಡಾಕ್ಟ್ರಿಗೆ ಬೇರೆ ನಂಬರ್ ಕೊಟ್ಬುಡಿ," ಎಂದರು. ಕೊಟ್ಟೆ. ಎಕ್ಸ್‌ರೇ ತೆರೆಯಿತು. ಡಾಕ್ಟರು ಖುಷಿಯಾದರು. ಮಧ್ಯಾಹ್ನದ ಹೊತ್ತಿಗೆ ಅವರದೇ ಫೋನು: ಅಗ್ರಹಾರದ ಇನ್ನೊಂದು ಕಂಪ್ಯೂಟರಿನಲ್ಲಿರುವ ರಕ್ತದ ವರದಿಗಳು ಈಗ ತೆರೆಯುತ್ತಿಲ್ಲ. ಮೊದಲು ಅವು ತೆರೆಯುತ್ತಿದ್ದವು! ನಾನು ಕುರ್ಚಿಗೆ ಒರಗಿ ಸೀಲಿಂಗ್ ನೋಡುತ್ತಾ ಕುಳಿತುಬಿಟ್ಟೆ. ಇಷ್ಟು ವರ್ಷ ಮಾಡಿದ ಕೆಲಸ ಒಂದು ಚೂರೂ ತಲೆಗೆ ಹತ್ತಿಲ್ಲವಲ್ಲ, ಸೋಮವಾರ ಆ ಹುಡುಗಿ ಮನೆಗೆ ಹೋಗುತ್ತಾಳಲ್ಲ ಎಂದು ಕಣ್ಣು ತುಂಬಿ ಬಂತು.

ಟ್ರೇಸ್ ಅಂತ ಒಂದು ಆದೇಶವಿದೆ. ಹೊರಟ ಸಂದೇಶ ಯಾವ ಯಾವ ರೂಟರ್ ದಾಟಿತು ಎಂದು ಒಂದೊಂದಾಗಿ ತೋರಿಸುತ್ತದೆ. ನನ್ನ ಸೀಟಿನಿಂದ ಮಾಡಿದಾಗಲೆಲ್ಲಾ ಯಾದವಗಿರಿ, ಅಗ್ರಹಾರ ಎಂದೇ ಬರುತ್ತಿತ್ತು. ಬೇರೆ ದಾರಿ ಕಾಣದೆ ಲ್ಯಾಪ್‌ಟಾಪಿಗೆ ಡಾಕ್ಟರ ಹಳೆಯ ನಂಬರು ಹಾಕಿ ಟ್ರೇಸ್ ಮಾಡಿದೆ. ಯಾದವಗಿರಿ, ಮೇಟಗಳ್ಳಿ. ಆಮೇಲೆ ಬರೀ ಚುಕ್ಕಿ, ಚುಕ್ಕಿ, ಚುಕ್ಕಿ, ಅಂದರೆ ಸಂದೇಶದ ಸುಳಿವೇ ಇಲ್ಲ.

"ಸರ್," ಎಂದು ಕೂಗಿದೆ, "ಅಗ್ರಹಾರಕ್ಕೆ ಹೋಗೋದು ಮೇಟಗಳ್ಳಿಗೆ ಯಾಕ್ ಹೋಯ್ತಿದೆ?"

ದೇವರಾಜು ಸರ್ ಬಂದು ಬಗ್ಗಿ ನೋಡಿದರು. ಆಮೇಲೆ ಸೀಮೆಸುಣ್ಣ ಹುಡುಕಿ ನೆಲದ ಮೇಲೆ ಕುಳಿತರು. ಯಾದವಗಿರಿ ಬರೆದರು, ಮೇಟಗಳ್ಳಿ ಬರೆದರು, ಅಗ್ರಹಾರ ಬರೆದರು. ಮೇಟಗಳ್ಳಿಗೂ ಅಗ್ರಹಾರಕ್ಕೂ ನಡುವೆ ಗೆರೆ ಎಳೆಯಲು ಹೋದ ಕೈ ಅಲ್ಲೇ ನಿಂತಿತು.

"ಇಲ್ಲಿದ್ದ ತಂತಿ..."

"ನೀವೇ ತೆಗೆಸಿದ್ರಲ್ಲ ಸರ್. ಸುಮ್ನೆ ಬಿದ್ದಿದೆ ಅಂತ."

"ಅಯ್ಯೋ ಶಿವನೇ," ಎಂದರು.

ನನಗೆ ಅರ್ಥವಾಗುವಂತೆ ಹೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಅವರಿಗೇ ಆಗ ತಾನೇ ಅರ್ಥವಾಗುತ್ತಿತ್ತು. ಸಮ್ಮರಿ ಬರೆದ ಮೇಲೆ ಮೇಟಗಳ್ಳಿಯೂ 'ಈ ಗುಂಪು ಪೂರ್ತಿ ನನ್ನಲ್ಲಿದೆ' ಅನ್ನುತ್ತದೆ, ಅಗ್ರಹಾರವೂ ಅದನ್ನೇ ಅನ್ನುತ್ತದೆ. ಇಬ್ಬರೂ ಸಮಾನ ದೂರ. ಯಾದವಗಿರಿ ಇಬ್ಬರ ಮಾತನ್ನೂ ನಂಬಿ, ಹೊರಡುವ ನಂಬರು ಮತ್ತು ತಲುಪಬೇಕಾದ ನಂಬರು ಎರಡನ್ನೂ ನೋಡಿ, ಒಂದಷ್ಟು ಜೋಡಿಗಳನ್ನು ಈ ಕಡೆ, ಒಂದಷ್ಟನ್ನು ಆ ಕಡೆ ಹಂಚುತ್ತದೆ. ಡಾಕ್ಟರ ಕಂಪ್ಯೂಟರ್ ಮತ್ತು ಎಕ್ಸ್‌ರೇ ಕಂಪ್ಯೂಟರ್ ಜೋಡಿ ಮೇಟಗಳ್ಳಿಯ ಪಾಲಿಗೆ ಬಿದ್ದಿತ್ತು. ನಡುವೆ ತಂತಿಯಿದ್ದಿದ್ದರೆ ಮೇಟಗಳ್ಳಿ ಅದನ್ನು ಅಗ್ರಹಾರಕ್ಕೆ ದಾಟಿಸುತ್ತಿತ್ತು. ತಂತಿಯಿಲ್ಲ. 'ನನ್ನಲ್ಲಿದೆ' ಎಂದು ಹೇಳಿಕೊಂಡದ್ದು ತನ್ನಲ್ಲಿ ಸಿಗದೆ, ಬಂದ ಸಂದೇಶವನ್ನು ಅದು ಸುಮ್ಮನೆ ಎಸೆದುಬಿಡುತ್ತಿತ್ತು. ಕೆಂಪು ದೀಪವಿಲ್ಲ, ದೂರಿಲ್ಲ.

"ತಂತಿ ತೆಗೆದಾಗ ಏನೂ ಆಗ್ಲಿಲ್ಲ," ಎಂದೆ.

"ಆಗ ರೂಟರ್‌ಗಳು ಒಂದೊಂದು ನಂಬರನ್ನೂ ಬಿಡಿಬಿಡಿಯಾಗಿ ಹೇಳ್ತಿದ್ವು. ಮೇಟಗಳ್ಳಿಯೋನು ಅಗ್ರಹಾರದ ಹೆಸರು ಎತ್ತುತ್ತಿರ್ಲಿಲ್ಲ."

"ಸಮ್ಮರಿ ಹಾಕಿದ್ದೂ ತಪ್ಪಲ್ಲ. ಪುಸ್ತಕದಲ್ಲೇ ಇದೆ."

"ತಪ್ಪಲ್ಲ."

"ಹಂಗಾದ್ರೆ ತಪ್ಪು ಯಾವ್ದು ಸರ್?"

ಅವರು ಎದ್ದು ಹೋಗಿ ಎರಡೂ ರೂಟರ್‌ಗಳಿಂದ ಆ ಸಮ್ಮರಿ ಸಾಲನ್ನು ಅಳಿಸಿದರು. ನಾನು ಡಾಕ್ಟರ ಕೋಣೆಗೆ ಫೋನು ಮಾಡಿದೆ. ರಕ್ತದ ವರದಿ ತೆರೆಯಿತು, ಎಕ್ಸ್‌ರೇ ತೆರೆಯಿತು. ಹಳೆಯ ನಂಬರು ಹಾಕಿಸಿದೆ, ಹೊಸ ನಂಬರು ಹಾಕಿಸಿದೆ, ಎಲ್ಲಾ ತೆರೆಯಿತು. ನನಗೆ ಕುಣಿಯುವಷ್ಟು ಖುಷಿ. ತಿರುಗಿ ನೋಡಿದರೆ ದೇವರಾಜು ಸರ್ ನೆಲದ ಮೇಲಿನ ಚಿತ್ರವನ್ನು ಒರೆಸುತ್ತಿದ್ದರು.

"ಸೋಮವಾರ ಏನ್ ಹೇಳೋದು?" ಎಂದರು. "ಲೈನ್ ಕೊಟ್ಟ ಕಂಪನಿಯೋರ ತೊಂದ್ರೆ, ಸರಿ ಆಯ್ತು ಅಂದ್ಬುಡೋಣ."

"ಹಂಗಂದ್ರೆ ಆ ಹುಡುಗಿ ಕಥೆ? ಎಲ್ಲಾ ಸರಿ ಇದೆ ಅಂತ ನೀವು ಮೊದಲೇ ಹೇಳ್ಬಿಟ್ಟಿದ್ದೀರ. ಈಗ ಅರೆಬರೆ ಮಾತಾಡಿದ್ರೆ ಅವಳ ತಲೆ ಮೇಲೇ ಬರತ್ತೆ."

"ನೋಡಣ ಸುಮ್ನಿರ್ರೀ," ಎಂದು ಹೊರಗೆ ಹೋದರು. ಒಳ್ಳೆಯ ಮನುಷ್ಯ. ಆದರೆ ಒಳ್ಳೆಯ ಮನುಷ್ಯ ಸೋಮವಾರ ಏನು ಮಾಡುತ್ತಾನೆ ಎಂದು ನನಗೆ ಗೊತ್ತಿರಲಿಲ್ಲ.

ಸೋಮವಾರ ಪುಟ್ಟಲಕ್ಷ್ಮಿ ಮದುವೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕುಳಿತಳು. ಡಾಕ್ಟರು ಶ್ರೀಕಂಠ ಗಡಿಯಾರ ನೋಡುತ್ತಿದ್ದರು. ಕಮಲಾ ಮೇಡಂ ನನ್ನನ್ನೇ ಮೊದಲು ಕೇಳಿದರು. ನಾನು ಏರಿಯಾ, ಬಾರ್ಡರ್ ರೂಟರ್, ಸಮ್ಮರಿ ಎಂದು ಶುರು ಮಾಡಿ, ಮೂಲೆಮನೆಗೆ ಬಂದು, ಅಲ್ಲಿಂದ ಮತ್ತೆ ಏರಿಯಾಕ್ಕೆ ಹೋಗಿ, ನಾನೇ ಕಳೆದುಹೋದೆ. ಒಂದು ಗಂಟು ಬಿಚ್ಚಲು ಹೋಗಿ ಇನ್ನೊಂದು ಹಾಕಿಕೊಂಡೆ.

ಕಮಲಾ ಮೇಡಂ ಕೈ ಎತ್ತಿದರು. "ರತ್ನಮ್ಮ, ಇದೆಲ್ಲಾ ನನಗೆ ತಿಳಿಯೋದಿಲ್ಲ. ಒಂದೇ ಮಾತು ಹೇಳಿ. ಈಕೆ ತನ್ನ ಕೆಲಸ ಸರಿಯಾಗಿ ಮಾಡಿದ್ದಾಳೋ ಇಲ್ಲವೋ?"

"ಮಾಡಿದ್ದಾಳೆ ಮೇಡಂ. ಪ್ರತಿ ಸಲವೂ."

"ಹಾಗಾದರೆ ಡಾಕ್ಟರಿಗೆ ಯಾಕೆ ಕಾಣಲಿಲ್ಲ?"

ನಾನು ದೇವರಾಜು ಸರ್ ಕಡೆ ನೋಡಿದೆ. ಅವರು ತೋಳಿನ ಗುಂಡಿ ತಿರುಗಿಸುತ್ತಾ ಕುಳಿತಿದ್ದರು. ಅವರು ಬಾಯಿ ಬಿಡದಿದ್ದರೆ ನಾನೇ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಅಷ್ಟರಲ್ಲಿ ಅವರೇ ಎದ್ದು ನಿಂತರು.

"ಮೇಟಗಳ್ಳಿ, ಅಗ್ರಹಾರದ ನಡುವಿನ ತಂತಿ ತೆಗೆಸಿದ್ದು ನಾನು ಮೇಡಂ. ಆಮೇಲೆ ರೂಟರ್‌ಗಳಲ್ಲಿ ಒಂದು ಬದಲಾವಣೆ ಮಾಡಿದ್ದೂ ನಾನೇ. ಎರಡೂ ಸೇರಿ ಹೀಗಾಯಿತು. ಈ ಹುಡುಗಿ ತಪ್ಪು ಒಂದು ಚೂರೂ ಇಲ್ಲ."

"ಯಾರೂ ಬಳಸದ ತಂತಿ ತೆಗೆದರೆ ಇಷ್ಟೆಲ್ಲಾ ಆಗುತ್ತದೆಯೇ?"

"ಅದು ನನಗೂ ಶುಕ್ರವಾರದವರೆಗೆ ಗೊತ್ತಿರಲಿಲ್ಲ."

ಕಮಲಾ ಮೇಡಂ ಅವರನ್ನೂ ನನ್ನನ್ನೂ ಒಂದು ಸಲ ನೋಡಿದರು. ಯಂತ್ರ ಅಗ್ರಹಾರದಲ್ಲೇ ಇರಲಿ, ಕರಾರು ಮುಂದುವರಿಯಲಿ ಎಂದರು. ತಂತಿಯನ್ನು ಮತ್ತೆ ಹಾಕಿಸಿ ಎಂದೂ ಹೇಳಿದರು. ಡಾಕ್ಟರು ಹೊರಗೆ ಹೋಗುವಾಗ ಪುಟ್ಟಲಕ್ಷ್ಮಿಯ ಮುಂದೆ ನಿಂತು, "ಬೇಜಾರ್ ಮಾಡ್ಕೋಬೇಡಮ್ಮ, ನಂಗೇನ್ ಗೊತ್ತಿತ್ತು," ಎಂದರು. ಅವಳು ತಲೆ ಆಡಿಸಿದಳು.

ನಾನು ಅವಳ ಬೆನ್ನು ತಟ್ಟಿ, "ಏಳೇ, ನಿನ್ನ ಕೆಲಸ ಉಳೀತಲ್ಲ, ಕಾಫಿ ಕೊಡಿಸ್ತೀನಿ ಬಾ," ಎಂದೆ. ಅವಳು ಏಳಲಿಲ್ಲ.

"ಮೇಡಂ, ಹಂಗಾರೆ ಆ ಸಾಕಮ್ಮಜ್ಜಿದು ಮೊದ್ಲು ತೆಗ್ದಿದ್ ಚಿತ್ರ?"

"ಚೆನ್ನಾಗಿತ್ತು. ಅದೇನೂ ಕೆಟ್ಟಿರ್ಲಿಲ್ಲ."

"ಸುಮ್ಸುಮ್ನೆ ಎಲ್ಡ್‌ನೇ ಸಲ ಮಲಗಿಸ್ಬುಟ್ಟೆ. ಆ ಕಾಲ ನಾನೇ ಹಿಡ್ಕೊಂಡು ನೀಟ್ದೆ. ನನ್ ಕೈ ಸರಿಯಾಗದೆ ಅಂತ ಸಂತೋಸ ಪಡ್ಬೇಕೋ, ಆ ಮುದುಕಿನ ಅಳಿಸ್ಬುಟ್ನಲ್ಲ ಅಂತ ಅಳ್ಬೇಕೋ ಒಂದೂ ಗೊತ್ತಾಯ್ತಿಲ್ಲ ಕಣಮ್ಮ."

ಅವಳ ಬಾಯಲ್ಲಿ ನಾನು ಮೇಡಂ ಹೋಗಿ ಅಮ್ಮ ಆಗಿದ್ದೆ. ಕಾಫಿ ಬಿಟ್ಟು ಆಟೋ ಹತ್ತಿ ಅಗ್ರಹಾರಕ್ಕೆ ಹೋದೆವು. ಹೂವಿನ ಅಂಗಡಿಯವರು ಗಲ್ಲಿ ತೋರಿಸಿದರು.

ಸಾಕಮ್ಮಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಬ್ಯಾಂಡೇಜ್ ಬಿಚ್ಚಿ ಆಗಿತ್ತು, ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ಆದರೆ ಅಜ್ಜಿ ಎದ್ದೇ ಇಲ್ಲ, ತೆವಳಿಕೊಂಡೇ ಒಳಗೆ ಹೊರಗೆ ಓಡಾಡುತ್ತಾರೆ ಎಂದು ಸೊಸೆ ದೂರಿದಳು. ಪುಟ್ಟಲಕ್ಷ್ಮಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಎಲ್ಲಾ ಹೇಳಿದಳು. ರೂಟರ್ ಇಲ್ಲ, ಏರಿಯಾ ಇಲ್ಲ. "ಮೊದ್ಲು ತೆಗ್ದಿದ್ದೇ ಚೆನ್ನಾಗಿತ್ತು ಅಜ್ಜಿ. ಮಿಷನ್ ತಪ್ಪಿಂದ ಎಲ್ಡ್ ಸಲ ತೆಗ್ದೆ. ನಿಮ್ಗೆ ಸುಮ್ನೆ ನೋವು ಮಾಡ್ಬುಟ್ಟೆ."

ಬೈಯುತ್ತಾರೆ ಎಂದು ನಾನು ಕಾದೆ. ಅಜ್ಜಿ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡಿದರು.

"ಅದುಕ್ಕಾ ಎಲ್ಡ್ ಸಲ? ನನ್ ಮೂಳೆ ಅಷ್ಟೊಂದು ಕೆಟ್ಟೋಗದೆ, ಒಂದ್ ಸಲುಕ್ಕೆ ಕಾಣ್ದಷ್ಟು ಪುಡಿಯಾಗೋಗದೆ, ನನ್ ಮುಂದೆ ಯೋಳ್ತಿಲ್ಲ ಅಂದ್ಕಂಡಿದ್ದೆ ಕಣವ್ವ. ಕಾಲು ಊರುದ್ರೆ ಪಟ್ ಅಂದ್ಬುಡ್ತದೆ ಅಂತ ಅವತ್ತಿಂದ ಎದ್ದೇ ಇಲ್ಲ ನಾನು."

"ಇಲ್ಲ ಅಜ್ಜಿ! ಒಂದೇ ಸಣ್ಣ ಬಿರುಕು. ಕೂಡ್ಕೊಂಡದೆ. ಬ್ಯಾಂಡೇಜ್ ಬಿಚ್ಚ್ದಾಗ ತೆಗ್ದಿದ್ ಚಿತ್ರದಾಗೆ ನಾನೇ ನೋಡಿವ್ನಿ."

"ದಿಟವಾಗ್ಲೂ?"

"ನನ್ನಾಣೆಗೂ."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಎರಡೂ ಕೈಗಳನ್ನು ಪುಟ್ಟಲಕ್ಷ್ಮಿಯ ಕಡೆಗೆ ಚಾಚಿದರು.

"ಹಂಗಾರೆ ಹಿಡ್ಕ ಬಾ," ಎಂದರು. "ಎದ್ದೇಳ್ತೀನಿ."